ಓಡುವ ಕಾಲಿಗೊಂದು ನೆಲ

ಕಲ್ಯಾಣಪುರದಂಥ ಊರಿನಲ್ಲಿ ಕುಳಿತು ಹಿಮ ಬೀಳುವ ನಾಡುಗಳ ಕುದುರೆ ಸವಾರಿಯ ಅಂಗಣವನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ನಗು ಬಂದೀತು. ಸುವರ್ಣಾ ನದಿ ಕಡಲನ್ನು ಕೂಡುವ ಈ ನೆಲದಲ್ಲಿ ಚಳಿಯೆಂಬುದು ಧನುರ್ಮಾಸದ ನಸುಕಿನ ಮಾತು ಮಾತ್ರ. ಕುದುರೆಯೂ ನಮ್ಮ ಪ್ರಾಣಿಯಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರಗಳ ರೇವಿನಲ್ಲಿ ಇಳಿದು ಘಟ್ಟ ಹತ್ತಿ ಹೋದವು. ನಮ್ಮ ಗದ್ದೆಯ ಕೆಸರಿಗೆ ಉಳಿದದ್ದು ಕೋಣ. ಆದರೂ ಎರಡೂ ಕಡೆಯ ಪ್ರಶ್ನೆ ಒಂದೇ. ತನ್ನ ಇಚ್ಛೆಗಾಗಿ ಒಂದು ಪ್ರಾಣಿಯನ್ನು ಓಡಿಸುವ ಮನುಷ್ಯನು ಅದರ ಕಾಲ ಕೆಳಗೆ ಎಂಥ ನೆಲವನ್ನು ಒದಗಿಸಬೇಕು?

ಮೊದಲು ಚಳಿನಾಡಿನ ಮಾತನ್ನೇ ನೋಡೋಣ. ಅಲ್ಲಿಯ ಮುಖ್ಯ ಶತ್ರು ನೀರು. ಹೆಪ್ಪುಗಟ್ಟುವಾಗ ನೀರು ತನ್ನ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಮಣ್ಣಿನೊಳಗೆ ನಿಂತ ನೀರು ಹಾಗೆ ಗಡ್ಡೆಕಟ್ಟಿತೆಂದರೆ ನೆಲವೇ ಉಬ್ಬಿ ಏಳುತ್ತದೆ. ಹಿಂದಿನ ದಿನ ಮೂಡಿದ ಗೊರಸಿನ ಗುರುತುಗಳು ಮರುದಿನ ಕಲ್ಲಿನ ಹಲ್ಲುಗಳಾಗಿರುತ್ತವೆ. ಆದ್ದರಿಂದ ಅಂಗಣ ಕಟ್ಟುವವರು ಮೇಲ್ಮಣ್ಣನ್ನು ತೆಗೆದು, ತಳವನ್ನು ಕೊಂಚ ಇಳಿಜಾರಾಗಿ ಗಟ್ಟಿಗೊಳಿಸಿ, ಅದರ ಮೇಲೆ ನೀರು ಬಸಿದುಹೋಗುವಂತೆ ಜಲ್ಲಿಯ ಪದರ ಹಾಕಿ, ಕಟ್ಟಕಡೆಗೆ ಮರಳನ್ನು ಹರಡುತ್ತಾರೆ. ಮರಳು ತೀರ ತೆಳುವಾದರೆ ಹೆಜ್ಜೆಯ ಪೆಟ್ಟು ನೇರವಾಗಿ ಕೀಲುಗಳಿಗೆ ತಗಲುತ್ತದೆ. ತೀರ ಆಳವಾದರೆ ಕಾಲು ಹೂತು ಸ್ನಾಯುರಜ್ಜುಗಳು ಎಳೆಯಲ್ಪಡುತ್ತವೆ. ಮರಳು ಹೆಪ್ಪುಗಟ್ಟದಿರಲೆಂದು ಉಪ್ಪನ್ನೋ ಮೇಣವನ್ನೋ ಬೆರೆಸುವ ರೂಢಿಯೂ ಉಂಟು.

ಎರಡನೆಯ ಶತ್ರು ಗಾಳಿ. ಗಾಳಿಯನ್ನು ತಡೆಯಲು ಗೋಡೆ ಕಟ್ಟಿದರಾಯಿತು ಎಂದು ನಮಗೆ ತೋರಬಹುದು. ಸಂದಿಲ್ಲದ ಗೋಡೆಯನ್ನು ಗಾಳಿ ಹಾರಿ ದಾಟಿ, ಅದರ ಹಿಂದೆಯೇ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಸಂದು ಬಿಟ್ಟ ಬೇಲಿ ಅಥವಾ ಮರಗಳ ಸಾಲಾದರೋ ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ರಭಸವನ್ನು ತಗ್ಗಿಸುತ್ತದೆ. ನಮ್ಮ ಕಡಲತೀರದ ಗಾಳಿಮರದ ತೋಪಿನ ಹಿಂದೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅನುಕೂಲವುಳ್ಳವರು ಮಾಡನ್ನೇ ಕಟ್ಟಿದರು. ವಿಯೆನ್ನಾದ ಅರಮನೆಯ ಚಳಿಗಾಲದ ಸವಾರಿಶಾಲೆ 1729ರಿಂದ 1735ರ ನಡುವೆ ನಿರ್ಮಾಣವಾಯಿತು. 55 ಮೀಟರ್ ಉದ್ದ, 18 ಮೀಟರ್ ಅಗಲದ ಆ ಬೆಳ್ಳನೆಯ ಸಭಾಂಗಣದಲ್ಲಿ ಇಂದಿಗೂ ಕುದುರೆಗಳು ಹೆಜ್ಜೆ ಹಾಕುತ್ತಿವೆ. 1817ರಲ್ಲಿ ಮಾಸ್ಕೋದಲ್ಲಿ ಎದ್ದ ಸವಾರಿಶಾಲೆಯ ಅಗಲ ಸುಮಾರು 45 ಮೀಟರ್. ನಡುವೆ ಒಂದು ಕಂಬವೂ ಇಲ್ಲದೆ ಮರದ ತೊಲೆಗಳ ಮೇಲೆಯೇ ಅದರ ಛಾವಣಿ ನಿಂತಿತ್ತು. ಛಾವಣಿಯೇನೋ ಕಣ್ಣಿಗೆ ಭವ್ಯ. ಆದರೆ ಕುದುರೆಗೆ ಬೇಕಾದದ್ದು ಅದರ ಕೆಳಗಿನ ಕೆಲವು ಅಂಗುಲದ ಮರಳು.

ಈಗ ನಮ್ಮೂರಿಗೆ ಬರೋಣ. ಚಳಿನಾಡಿನವರು ನೀರನ್ನು ಹೊರಗಟ್ಟಲು ಹೆಣಗುತ್ತಾರೆ. ನಮ್ಮ ಕಂಬಳದ ಕರೆಯನ್ನು ಕಟ್ಟುವವರು ನೀರನ್ನು ಹಿಡಿದಿಡಲು ಹೆಣಗುತ್ತಾರೆ. ಕೋಣದ ಮೈ ಕಪ್ಪು, ಬೆವರುಗ್ರಂಥಿಗಳು ವಿರಳ; ನೀರೂ ಕೆಸರೂ ಇಲ್ಲದೆ ಅದರ ಒಡಲ ತಾಪ ಇಳಿಯದು. ಅದರ ಗೊರಸು ಸೀಳುಗೊರಸು. ಕೆಸರಿಗೆ ಇಳಿಯುವಾಗ ಅಗಲಿ, ಮೇಲೆತ್ತುವಾಗ ಕೂಡಿಕೊಳ್ಳುವುದರಿಂದ ಕಾಲು ಸಲೀಸಾಗಿ ಹೊರಬರುತ್ತದೆ. ಆದರೆ ತಳವಿಲ್ಲದ ಕೆಸರು ಕೋಣಕ್ಕೂ ಅಪಾಯವೇ. ತಲೆಮಾರುಗಳ ಕಾಲ ಉತ್ತು ಕಲಸಿದ ಬೈಲುಗದ್ದೆಯಲ್ಲಿ ಮೇಲಿನ ಕೆಸರಿನಡಿ ಒಂದು ಬಿಗಿಯಾದ ಪದರ ಏರ್ಪಟ್ಟಿರುತ್ತದೆ. ನೀರು ಇಂಗದಂತೆ ಅದು ತಡೆಯುತ್ತದೆ, ಊರಿದ ಕಾಲಿಗೂ ಆಧಾರವಾಗುತ್ತದೆ. ಚಳಿನಾಡಿನವರು ಜಲ್ಲಿ ಸುರಿದು ಸಾಧಿಸುವ ಗಟ್ಟಿತಳವನ್ನು ನಮ್ಮ ರೈತರಿಗೆ ನೇಗಿಲೇ ಒದಗಿಸಿಕೊಟ್ಟಿತ್ತು.

ಇಂದಿನ ಜೋಡುಕರೆಗಳು ಹೆಚ್ಚಿನವು ಓಟಕ್ಕೆಂದೇ ಕಟ್ಟಿದವು. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ ಅವು ಲವ-ಕುಶರು, ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯರು. ಉದ್ದ ಸುಮಾರು 120ರಿಂದ 160 ಮೀಟರ್. ಓಟ ತೊಡಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಮಂಜೊಟ್ಟಿಯ ನೆಲವನ್ನು ಏರಾಗಿ ಕಟ್ಟುತ್ತಾರೆ. ಓಡಿಬಂದ ಕೋಣಗಳ ವೇಗ ತಾನಾಗಿ ಇಳಿಯಬೇಕಲ್ಲ. ನೀರಿನ ಮಟ್ಟಕ್ಕೂ ಲೆಕ್ಕವುಂಟು. ಕನೆಹಲಗೆಯ ಓಟದಲ್ಲಿ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು; ನೀರು ಕಡಮೆಯಾದರೆ ಚಿಮ್ಮದು, ಹೆಚ್ಚಾದರೆ ಕೋಣ ಬಳಲುತ್ತದೆ.

ಕೆಲವು ವರ್ಷಗಳ ಹಿಂದೆ ಒಂದೂರಿನ ಕರೆಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಯಂತ್ರದಿಂದ ಅವಸರದಲ್ಲಿ ಅಗೆದ ಹೊಸ ಕರೆ ಅದು. ನಡುದಾರಿಯಲ್ಲಿ ಒಂದು ಕೋಣ ಮುಗ್ಗರಿಸಿತು. ಜನ ಹೋ ಎಂದರು. ಮುಂದಿನ ಜೋಡಿ ಗಂತಿಗೆ ಬಂತು. ನಾನು ಹಿಂದೆ ಹೋಗಿ ನೋಡಿದೆ. ಮುಂಗಾಲಿನ ಗೊರಸು ಒಡೆದಿತ್ತು. ಅದನ್ನು ಸಾಕಿದ ಮುದುಕ ಕಾಲನ್ನು ತೊಡೆಯ ಮೇಲಿಟ್ಟು ತೊಳೆಯುತ್ತಿದ್ದ. ಗೊರಸಿನ ಸೀಳಿನಿಂದ ಮುರಕಲ್ಲಿನ ಒಂದು ಚೂರನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟು, “ಓಡಿದ್ದು ಅದರ ತಪ್ಪಲ್ಲ ಮಾಷ್ಟ್ರೇ, ಕಲ್ಲು ಹೆಕ್ಕದ್ದು ನಮ್ಮ ತಪ್ಪು” ಎಂದ. ಆ ಕೋಣ ಮತ್ತೆ ಕರೆಗೆ ಇಳಿಯಲಿಲ್ಲ.

ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟನ್ನು ನಿಷೇಧಿಸಿದ ಬಳಿಕ ಕಂಬಳವೂ ಕಟಕಟೆ ಹತ್ತಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಈ ವರ್ಷಗಳುದ್ದಕ್ಕೂ ಊರಿನ ಕಟ್ಟೆಗಳಲ್ಲಿ ನಾನು ಕೇಳಿದ ವಾದವೆಲ್ಲ ಬೆತ್ತವನ್ನು ಕುರಿತದ್ದು. ಅದು ಬೇಕಾದ ವಾದವೇ. ಆದರೆ ಬೆತ್ತ ಎಲ್ಲರ ಕಣ್ಣಿಗೂ ಬೀಳುತ್ತದೆ, ಕೆಸರಿನಡಿಯ ಕಲ್ಲು ಬೀಳದು. ನ್ಯಾಯಾಲಯ ಅನುಮತಿ ಕೊಡಬಹುದು. ಕರೆಯ ತಳವನ್ನು ಬರಿಗಾಲಲ್ಲಿ ತುಳಿದು ನೋಡಬೇಕಾದವರು ನಾವೇ.

ಹಿಂದೆ ಗದ್ದೆಯೇ ಕರೆಯಾಗಿದ್ದಾಗ ಈ ಪರೀಕ್ಷೆ ಪ್ರತ್ಯೇಕವಾಗಿ ಬೇಕಿರಲಿಲ್ಲ. ನೇಜಿ ನೆಡುವ ಹೆಂಗಸರ ಪಾದಗಳು, ಉಳುವವರ ಪಾದಗಳು ಆ ನೆಲದ ಇಂಚಿಂಚನ್ನೂ ಬಲ್ಲವಾಗಿದ್ದವು. ಬೈಲುಗಳು ಹಡಿಲು ಬಿದ್ದಂತೆ ಆ ಅರಿವು ಅಳಿಯುತ್ತಿದೆ. ಓಟದ ಮುನ್ನಾದಿನ ಊರಿನ ಹತ್ತು ಜನ ಬರಿಗಾಲಲ್ಲಿ ಗಂತಿನಿಂದ ಮಂಜೊಟ್ಟಿಯವರೆಗೆ ಸಾಲಾಗಿ ನಡೆದರೆ ಸಾಕು. ಕಲ್ಲಿದ್ದರೆ ಮೊದಲು ನಮ್ಮ ಕಾಲಿಗೆ ಚುಚ್ಚಲಿ. ಆ ಮುದುಕ ಕೊಟ್ಟ ಚೂರು ಇಂದಿಗೂ ನನ್ನ ಮೇಜಿನ ಮೇಲಿದೆ. ಅಂಗೈಯಲ್ಲಿ ಹಿಡಿದರೆ ಒಂದು ಗೋಟಡಕೆಯಷ್ಟೂ ದೊಡ್ಡದಲ್ಲ.