ಗಂಟೆಗೆ ಹದಿನೇಳು ಸಲ ಬೀಳುವವರು

ಈಗಷ್ಟೇ ನಡಿಗೆ ಕಲಿತ ಮಗು ಒಂದು ಗಂಟೆಗೆ ಎಷ್ಟು ಹೆಜ್ಜೆ ಹಾಕುತ್ತದೆ? ಅನ್ನದ ಬಟ್ಟಲು ಹಿಡಿದು ಅದರ ಹಿಂದೆ ಓಡುವ ಅಜ್ಜಿಯನ್ನು ಕೇಳಿದರೆ ‘ಲೆಕ್ಕ ಇಟ್ಟವರಾರು’ ಎಂದಾಳು. ಲೆಕ್ಕ ಇಟ್ಟವರಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಅವುಗಳ ಪಾಡಿಗೆ ಆಡಲು ಬಿಟ್ಟು, ವಿಡಿಯೊ ಮಾಡಿ, ಹೆಜ್ಜೆ ಹೆಜ್ಜೆಯನ್ನೂ ಎಣಿಸಿ 2012ರಲ್ಲಿ ಪ್ರಕಟಿಸಿದರು. ಸರಾಸರಿ ಗಂಟೆಗೆ 2,368 ಹೆಜ್ಜೆ, 701 ಮೀಟರ್ ದೂರ, 17 ಸಲ ಬೀಳುವುದು. ದಿನಕ್ಕೆ ಆರು ಗಂಟೆ ಹೀಗೆ ಓಡಾಡಿತು ಎಂದುಕೊಂಡರೂ 14 ಸಾವಿರ ಹೆಜ್ಜೆ, ನಾಲ್ಕು ಕಿಲೋಮೀಟರಿಗೂ ಮೀರಿದ ನಡಿಗೆ, ಸುಮಾರು ನೂರು ಸಲ ಬೀಳುವುದು. ಹತ್ತು ಸಾವಿರ ಹೆಜ್ಜೆ ಮುಟ್ಟಲು ಕೈಗೆ ವಾಚು ಕಟ್ಟಿಕೊಂಡು ಲಾಲ್‌ಬಾಗ್ ಸುತ್ತುವ ಅಪ್ಪಂದಿರು ಈ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ನಮ್ಮ ಮನೆಗಳಲ್ಲಿ ಇಂಥದ್ದೆಲ್ಲ ಬೇಗ ಆದಷ್ಟೂ ಹೆಮ್ಮೆ. ಕತ್ತು ನಿಂತಿತೇ, ಬೋರಲು ಬಿತ್ತೇ, ಅಂಬೆಗಾಲಿಟ್ಟಿತೇ, ಹೊಸ್ತಿಲು ದಾಟಿತೇ? ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆದರೆ ಈ ಮನೆಯಲ್ಲಿ ಒಳಗೊಳಗೇ ಕಸಿವಿಸಿ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯವರೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಹೇಳಿದ ಪ್ರಕಾರ, ಆಸರೆಯಿಲ್ಲದೆ ನಡೆಯಲು 8.2 ತಿಂಗಳಿಂದ 17.6 ತಿಂಗಳವರೆಗಿನ ಯಾವ ದಿನವಾದರೂ ಸರಿಯೇ. ಒಂಬತ್ತು ತಿಂಗಳಿಗೂ ಹೆಚ್ಚಿನ ಅಂತರ! ಅವಸರಕ್ಕೆ ಅರ್ಥವಿಲ್ಲ.

ಆದರೆ ಅವಸರ ಅಪಾಯವೂ ಆಗುವ ಒಂದು ಮೈಲಿಗಲ್ಲು ಈಚಿನ ವರ್ಷಗಳಲ್ಲಿ ಬಂದು ಸೇರಿಕೊಂಡಿದೆ. ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುವ ಮಗುವಿನ ಸೀಟನ್ನು ಮುಂದಕ್ಕೆ ತಿರುಗಿಸುವ ದಿನ. ‘ಒಂದು ವರ್ಷ ತುಂಬಿತಲ್ಲ, ದೊಡ್ಡವನಾದ, ಇನ್ನು ರಸ್ತೆ ನೋಡಲಿ’ ಎಂದು ತಿರುಗಿಸಿಬಿಡುತ್ತಾರೆ. ಅದಕ್ಕೂ ಮೊದಲು, ಸೀಟೇ ಇಲ್ಲದ ಕಾರುಗಳ ಮಾತು. ನಮ್ಮಲ್ಲಿ ಅವೇ ಹೆಚ್ಚು. ಅಲ್ಲಿ ಸೀಟೆಂದರೆ ಅಮ್ಮನ ತೊಡೆ.

ಮನೆಯಲ್ಲಿ ನೂರು ಸಲ ಬೀಳುವ ಮಗು ನೂರು ಸಲವೂ ಏಳುತ್ತದೆ. ಬಿದ್ದ ಎತ್ತರ ಹೆಚ್ಚೆಂದರೆ ಅದರದೇ ಎತ್ತರ, 75 ಸೆಂಟಿಮೀಟರ್. ಕಾರಿನಲ್ಲಿ ಬೀಳುವುದು ಬೇರೆ ತರಹ. ಗಂಟೆಗೆ 50 ಕಿ.ಮೀ. ವೇಗದ ಕಾರು ಯಾವುದಕ್ಕೋ ಗುದ್ದಿ ನಿಂತಾಗ ಬೆಲ್ಟ್ ಕಟ್ಟಿಕೊಳ್ಳದ ಮೈ ಅದೇ 50ರಲ್ಲಿ ಮುಂದೆ ಹೋಗುತ್ತದೆ. ಎಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಆ ವೇಗ ಬರುತ್ತದೆ ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ತಿಳಿಯಬಹುದು. 50 ಕಿ.ಮೀ. ಎಂದರೆ 32 ಅಡಿ. ವೇಣೂರಿನ ಗೊಮ್ಮಟನ ಎತ್ತರ 35 ಅಡಿ. ಅದಕ್ಕಿಂತ ಮೂರೇ ಅಡಿ ಕಡಿಮೆ. ವೇಗ 57ಕ್ಕೆ ಏರಿದರೆ ಕಾರ್ಕಳದ ಗೊಮ್ಮಟ, 42 ಅಡಿ. 67ಕ್ಕೆ ಏರಿದರೆ ಶ್ರವಣಬೆಳಗೊಳದ ನೆತ್ತಿ, 58 ಅಡಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ 100. ಆ ವೇಗಕ್ಕೆ ಶ್ರವಣಬೆಳಗೊಳದ ಗೊಮ್ಮಟನ ಎತ್ತರವನ್ನು ಎರಡು ಸಲ ಪೇರಿಸಿ, ಮೇಲೆ ಇನ್ನೂ 13 ಅಡಿ ಸೇರಿಸಬೇಕು: 129 ಅಡಿ. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟಾಗುತ್ತದೆ, ಮೋಸವಿರುವುದೇ ಇಲ್ಲಿ. ಬಾಲ್ಕನಿಯ ಕಂಬಿಯ ಹತ್ತಿರ ಮಗು ಹೋದರೆ ಎದೆ ಧಸಕ್ಕೆನ್ನುವ ನಾವು, ಮಂಡ್ಯ ದಾಟುವಾಗ ಅದನ್ನು ತೊಡೆಯ ಮೇಲೆ ನಿಲ್ಲಿಸಿ ಹೊರಗಿನ ಗದ್ದೆ ತೋರಿಸುತ್ತೇವೆ.

‘ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ’ ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. 10 ಕೆ.ಜಿ. ಮಗು, 50 ಕಿ.ಮೀ. ವೇಗ, ನಿಲ್ಲಲು ಅರ್ಧ ಮೀಟರ್ ಜಾಗ ಸಿಕ್ಕಿತು ಎಂದುಕೊಳ್ಳಿ. ಆ ಗಳಿಗೆಯಲ್ಲಿ ಕೈ ತಡೆಯಬೇಕಾದ ಭಾರ ಹತ್ತಿರ ಹತ್ತಿರ 200 ಕೆ.ಜಿ., ಸಿಗುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ತಾಯಿಯ ಪ್ರೀತಿಗೆ ಮಿತಿಯಿಲ್ಲದಿರಬಹುದು, ಮುಂಗೈಗೆ ಇದೆ. ಬೆಲ್ಟ್ ಹಾಕದ 60 ಕೆ.ಜಿ. ಅಮ್ಮ ಅದೇ ಲೆಕ್ಕದಲ್ಲಿ 1,200 ಕೆ.ಜಿ. ಭಾರವಾಗಿ ಹಿಂದಿನಿಂದ ಬರುತ್ತಾಳೆ. ನಡುವೆ ಮಗು.

ಇದನ್ನು ಕಾನೂನಿಗೆ ಮನವರಿಕೆ ಮಾಡಲು ಅಮೆರಿಕದಲ್ಲೇ ಹೆಣಗಬೇಕಾಯಿತು. ಟೆನೆಸ್ಸಿಯ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟುಹಿಡಿದು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟು ಕಡ್ಡಾಯ ಮಾಡಿಸಿದರು. 1978ರ ಜನವರಿ 1ರಂದು ಅದು ಜಾರಿಗೆ ಬಂತು. ಆ ದೇಶದಲ್ಲೇ ಮೊದಲನೆಯದು. ಆದರೆ ಶಾಸಕರು ಒಂದು ಕಿಂಡಿ ಬಿಟ್ಟಿದ್ದರು: ಮಗುವನ್ನು ದೊಡ್ಡವರು ತೋಳಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಡ. ಸ್ಯಾಂಡರ್ಸ್ ಅದಕ್ಕೆ ಇಟ್ಟ ಹೆಸರು ‘ಮಗು ಜಜ್ಜುವ ತಿದ್ದುಪಡಿ’. ಕಿಂಡಿ ಮುಚ್ಚಿದ್ದು 1981ರಲ್ಲಿ. 1985ರ ಹೊತ್ತಿಗೆ 50 ರಾಜ್ಯಗಳಲ್ಲೂ ಕಾನೂನು ಬಂದಿತ್ತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ ಸರಿಯಾಗಿ ಕಟ್ಟಿದ ಸೀಟು ವರ್ಷದೊಳಗಿನ ಕೂಸು ಸಾಯುವ ಸಂಭವವನ್ನು ಶೇ 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ 54ರಷ್ಟು ಇಳಿಸುತ್ತದೆ.

ಇನ್ನು ಹಿಂದಕ್ಕೆ ಮುಖ ಏಕೆ? ತಲೆಯಿಂದಾಗಿ. ಎಳೆಗೂಸಿನ ಮೈತೂಕದಲ್ಲಿ ತಲೆಯದೇ ಸುಮಾರು ಕಾಲು ಪಾಲು. ದೊಡ್ಡವರಲ್ಲಿ ನೂರಕ್ಕೆ ಆರರಷ್ಟು. ಕೂಸಿನ ಅಳತೆಯೇ ನಮಗೂ ಇದ್ದಿದ್ದರೆ 70 ಕೆ.ಜಿ. ಮನುಷ್ಯ 17 ಕೆ.ಜಿ. ತಲೆ ಹೊತ್ತು ತಿರುಗಬೇಕಿತ್ತು. ಇಷ್ಟು ಭಾರವನ್ನು ಹೊತ್ತ ಕೂಸಿನ ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ಒಂದೊಂದೂ ಬಿಡಿ ತುಂಡುಗಳಲ್ಲಿದ್ದು ನಡುವೆ ಮೆದುವಾದ ಮೃದ್ವಸ್ಥಿ ಇರುತ್ತದೆ. ಅವು ಬೆಸೆದುಕೊಳ್ಳುವುದು ಮೂರರಿಂದ ಆರು ವರ್ಷದೊಳಗೆ. ನವಜಾತ ಶಿಶುವಿನ ಬೆನ್ನುಕಂಬ ಐದು ಸೆಂಟಿಮೀಟರ್‌ವರೆಗೆ ಜಗ್ಗಬಲ್ಲದು, ಒಳಗಿನ ಬೆನ್ನುಹುರಿ ಆರು ಮಿಲಿಮೀಟರ್ ಜಗ್ಗಿದರೆ ಹರಿಯುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಮುಂದಕ್ಕೆ ಮುಖ ಮಾಡಿದ ಮಗುವಿನ ಎದೆಯನ್ನು ಬೆಲ್ಟ್ ಹಿಡಿಯುತ್ತದೆ, ತಲೆಯನ್ನು ಯಾರೂ ಹಿಡಿಯುವುದಿಲ್ಲ. ಹಿಂದಕ್ಕೆ ಮುಖವಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿಗೆ ಒರಗುತ್ತವೆ.

ಈ ಉಪಾಯ ಹೊಳೆದದ್ದು ಬಾಹ್ಯಾಕಾಶದಿಂದ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್, ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ವೇಗದ ಒತ್ತಡವನ್ನು ಇಡೀ ಬೆನ್ನಿನ ಮೇಲೆ ಹಂಚಿಕೊಂಡು ಒರಗುವುದನ್ನು ಟಿವಿಯಲ್ಲಿ ಕಂಡು, ಕೂಸಿಗೂ ಅದೇ ಸರಿ ಎಂದುಕೊಂಡರು. ವೋಲ್ವೊ 1964ರಲ್ಲಿ ಮಾದರಿ ಸೀಟನ್ನು ಪರೀಕ್ಷಿಸಿತು. ಸ್ವೀಡನ್ನಿನಲ್ಲಿ ಈಗಲೂ ನಾಲ್ಕು ವರ್ಷದವರೆಗೆ ಮಕ್ಕಳು ಹಿಂದಕ್ಕೇ ಮುಖ ಮಾಡಿ ಕೂರುತ್ತಾರೆ.

ನಮ್ಮಲ್ಲಿ? ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆಯಲ್ಲಿ ಸತ್ತ 18 ವರ್ಷದೊಳಗಿನವರು 9,528. ಪಾದಚಾರಿಗಳು, ಸವಾರರು, ಪ್ರಯಾಣಿಕರು ಎಲ್ಲ ಸೇರಿ ದಿನಕ್ಕೆ 26. 2019ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕಟ್ಟದಿದ್ದರೆ 1,000 ರೂಪಾಯಿ ದಂಡವಿದೆ. ಕಟ್ಟಿದವರನ್ನು ನೋಡಿದ್ದೇನೆ, ದಂಡ ತೆತ್ತವರನ್ನು ನೋಡಿಲ್ಲ. ಬೈಕಿಗೂ 2023ರ ಫೆಬ್ರುವರಿಯಿಂದ ನಿಯಮವಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಪಟ್ಟಿ, ವೇಗ 40 ಮೀರಬಾರದು. ಆ 40ಕ್ಕೂ 20 ಅಡಿ ಎತ್ತರವಿದೆ. ಇನ್ನು ಕಾರು ಕೊಳ್ಳುವಾಗ ಎಲ್ಲರೂ ವಿಚಾರಿಸುವ, ಕಾರಿನ ಸುರಕ್ಷತಾ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಕೊಡುವ ನಕ್ಷತ್ರಗಳು. ಅದರಲ್ಲಿ ಮಕ್ಕಳ ಸುರಕ್ಷತೆಗೆ 49 ಅಂಕ. ಪರೀಕ್ಷೆಗೆ ಕೂರಿಸುವ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಅಳತೆಯ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಬಿಗಿದಿರುತ್ತಾರೆ. ತೊಡೆಯ ಮೇಲಿನ ಮಗುವಿಗೆ ಆ ನಕ್ಷತ್ರಗಳಲ್ಲಿ ಒಂದೂ ಸಲ್ಲುವುದಿಲ್ಲ.

ಸೀಟು ಇರುವವರಿಗೆ ಎರಡು ಮಾತು. ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಪಟ್ಟಿ ಸಡಿಲ. ದಪ್ಪ ಸ್ವೆಟರ್ ಬಿಚ್ಚಿಯೇ ಪಟ್ಟಿ ಬಿಗಿಯಿರಿ, ಚಳಿಯಾದರೆ ಮೇಲೊಂದು ಹೊದಿಕೆ ಹೊದಿಸಿ. ಹಿಂದಕ್ಕೆ ಮುಖದ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ. ಆ ಚೀಲ ಬಿಚ್ಚಿಕೊಳ್ಳುವ ವೇಗ ಗಂಟೆಗೆ 300 ಕಿ.ಮೀ.ವರೆಗೂ ಇರುತ್ತದೆ.

‘ಪಾಪ, ಕಾಲು ಚಾಚೋಕೂ ಜಾಗ ಇಲ್ಲ’ ಎಂದು ಮನೆಯ ಹಿರಿಯರು ಮರುಗುತ್ತಾರೆ. ಮಗು ಚಕ್ಕಳಮಕ್ಕಳ ಹಾಕಿ ಕೂರುತ್ತದೆ, ಅದಕ್ಕೇನೂ ತ್ರಾಸವಿಲ್ಲ. ಮಗುವಿನ ಸೀಟಿನ ಮಗ್ಗುಲಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಹಿಂದಕ್ಕೆ ಮುಖವಿರುವಾಗ ಎಷ್ಟು ತೂಕದವರೆಗೆ ಅಥವಾ ಎಷ್ಟು ಎತ್ತರದವರೆಗೆ ಎಂದು ಅದರಲ್ಲಿ ಬರೆದಿರುತ್ತದೆ: ಕೆಲವದರಲ್ಲಿ 13 ಕೆ.ಜಿ., ಕೆಲವದರಲ್ಲಿ 18. ಹುಟ್ಟುಹಬ್ಬ ನೋಡಬೇಡಿ, ಆ ಚೀಟಿ ನೋಡಿ. ಅದರಲ್ಲಿನ ಮಿತಿ ಮುಟ್ಟುವವರೆಗೆ ಸೀಟು ತಿರುಗಿಸಬೇಡಿ.