ಖಾರಪುಡಿ ಮಾರುವ ಮುನ್ನ

ಮಾನ್ವಿ ಮತ್ತು ದೇವದುರ್ಗ ತಾಲೂಕುಗಳ ಒಣಮೆಣಸಿನಕಾಯಿ ಬ್ಯಾಡಗಿ ಪೇಟೆಗೂ ಹೋಗುತ್ತದೆ. ಕಾಯಿಯನ್ನು ಹಾಗೆಯೇ ಮಾರುವ ಬದಲು ಪುಡಿಮಾಡಿ ಪೊಟ್ಟಣ ಕಟ್ಟಿದರೆ ಹೆಚ್ಚು ಬೆಲೆ ಸಿಗಬಹುದೆಂದು ಕುರ್ಡಿ ಭಾಗದ ರೈತರಿಗೂ ಮಹಿಳಾ ಸಂಘಗಳಿಗೂ ಅನ್ನಿಸುವುದು ಸಹಜ. ಆದರೆ ಕಾಯಿ ಪುಡಿಯಾಗಿ ಪೊಟ್ಟಣ ಸೇರಿದೊಡನೆ ರೈತನ ಜವಾಬ್ದಾರಿಯೂ ಬದಲಾಗುತ್ತದೆ.

ಕಾನೂನು ಏನು ಹೇಳುತ್ತದೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ರೈತನನ್ನೂ ಅವನು ಹೊಲದಲ್ಲಿ ಬೆಳೆದ ಬೆಳೆಯನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಪುಡಿಮಾಡಿ ಮಾರುವವನು ಮಾತ್ರ ಆಹಾರ ಉದ್ದಿಮೆದಾರನೆನಿಸುತ್ತಾನೆ. ಸಣ್ಣ ಉದ್ದಿಮೆಗೆ ನೋಂದಣಿ, ದೊಡ್ಡದಕ್ಕೆ ಪರವಾನಗಿ ಬೇಕು. 2011ರ ನಿಯಮಗಳಲ್ಲಿ ನೋಂದಣಿಗೆ ವಾರ್ಷಿಕ ವಹಿವಾಟಿನ ಮಿತಿ 12 ಲಕ್ಷ ರೂಪಾಯಿ ಇತ್ತು. ಸದ್ಯದ ಮಿತಿಯನ್ನು ಆಹಾರ ಸುರಕ್ಷತಾ ಅಧಿಕಾರಿಯಿಂದ ತಿಳಿದುಕೊಂಡೇ ಅರ್ಜಿ ಹಾಕಬೇಕು.

ಅಪಾಯ ಎಲ್ಲಿದೆ?

ಮೊದಲನೆಯದು ತೇವಾಂಶ. ಸರಿಯಾಗಿ ಒಣಗದ ಕಾಯಿಯಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಇದು ಯಕೃತ್ತಿಗೆ ಹಾನಿಕರ. ಅಡಿಗೆಯ ಕಾವಿಗೆ ಪೂರ್ತಿ ನಾಶವಾಗುವುದಿಲ್ಲ. ಸಾಂಬಾರ ಪದಾರ್ಥಗಳಲ್ಲಿ ಇದರ ಮಿತಿ ಕಿಲೋಗೆ 30 ಮೈಕ್ರೊಗ್ರಾಂ, ಅಂದರೆ ಒಂದು ಕ್ವಿಂಟಲಿಗೆ ಕೇವಲ 3 ಮಿಲಿಗ್ರಾಂ. ಪುಡಿಯ ತೇವಾಂಶ ಶೇಕಡಾ 11ನ್ನು ಮೀರಬಾರದು. ತೂಕ ಬರಲೆಂದು ಕಾಯಿಗೆ ನೀರು ಚಿಮುಕಿಸುವುದು ಬೂಷ್ಟನ್ನು ಕರೆದು ಕೂರಿಸಿದಂತೆಯೇ ಸರಿ.

ಎರಡನೆಯದು ಬಣ್ಣ. ಖಾರಪುಡಿಗೆ ಯಾವ ಬಣ್ಣವನ್ನೂ ಬೆರೆಸುವಂತಿಲ್ಲ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಸೂಡಾನ್ ಎಂಬ ಬಣ್ಣ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಆ ಬಳಿಕ ಐರೋಪ್ಯ ಒಕ್ಕೂಟವು ಪರೀಕ್ಷಾ ಪತ್ರವಿಲ್ಲದ ಮೆಣಸಿನ ಮಾಲನ್ನು ಒಳಗೆ ಬಿಡಲಿಲ್ಲ. ಕೆಲವರು ಮಾಡಿದ ಕಲಬೆರಕೆಯ ಹೊರೆ ಎಲ್ಲರ ಮೇಲೂ ಬಿತ್ತು.

ಅನುಸರಿಸಬೇಕಾದ ಕ್ರಮಗಳು

1. ಕಾಯಿಯನ್ನು ಬರಿ ನೆಲದ ಮೇಲೆ ಹರಡದೆ ತಾಡಪತ್ರಿ ಅಥವಾ ಸಿಮೆಂಟ್ ಕಣದಲ್ಲಿ ಒಣಗಿಸಬೇಕು. ರಾತ್ರಿ ಇಬ್ಬನಿ ತಾಗದಂತೆ ಮುಚ್ಚಬೇಕು.

2. ಬೂಷ್ಟು ಹಿಡಿದ, ಬಿಳಿಚಿದ ಕಾಯಿಗಳನ್ನು ಆರಿಸಿ ನಾಶಮಾಡಬೇಕು. ಅವನ್ನು ಪುಡಿಯಲ್ಲಿ ಸೇರಿಸಿದರೆ ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆಯಲ್ಲಿ ಕಾಣುತ್ತದೆ.

3. ಬೀಸುವ ಮೊದಲು ಗಿರಣಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಪುಡಿ ಆರಿದ ಮೇಲೆಯೇ ಪೊಟ್ಟಣ ಕಟ್ಟಬೇಕು.

4. ಪೊಟ್ಟಣದ ಮೇಲೆ ಹೆಸರು, ವಿಳಾಸ, ತೂಕ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ತಂಡದ ಸಂಖ್ಯೆ, ಬೆಲೆ, ಹಸಿರು ಗುರುತು ಮತ್ತು 14 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು.

5. ಒಂದು ನೋಟುಬುಕ್ ಇಡಬೇಕು. ಯಾವ ಹೊಲದ ಕಾಯಿ, ಎಂದು ಬೀಸಿದ್ದು, ಯಾವ ತಂಡ, ಯಾರಿಗೆ ಮಾರಿದ್ದು ಎಂಬುದನ್ನು ಆ ದಿನವೇ ಬರೆಯಬೇಕು.

ಕೊನೆಯ ಕ್ರಮ ಅತಿ ಮುಖ್ಯ. ದೂರು ಬಂದಾಗ ಲೆಕ್ಕ ಇದ್ದವರು ಒಂದೇ ತಂಡವನ್ನು ಹಿಂದಕ್ಕೆ ಪಡೆಯಬಹುದು. ಲೆಕ್ಕ ಇಲ್ಲದವರು ಇಡೀ ವರ್ಷದ ಮಾಲನ್ನು ಕಳೆದುಕೊಳ್ಳಬೇಕಾಗುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪೀಡೆನಾಶಕ ಶೇಷಾಂಶ ಮತ್ತು ಆಹಾರ ಗುಣಮಟ್ಟ ವಿಶ್ಲೇಷಣಾ ಪ್ರಯೋಗಾಲಯವಿದೆ. ಮೊದಲ ತಂಡವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಮಾದರಿಯೊಂದನ್ನು ಪರೀಕ್ಷೆ ಮಾಡಿಸುವುದು ಲೇಸು.