ವರ್ಕ್‌ಬೆಂಚ್ ಮುಚ್ಚಿಕೊಂಡಾಗ ಏನೇನು ಹೋಗುತ್ತದೆ?

ನಮ್ಮಲ್ಲಿ ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಇ-ಆರ್ ಚಿತ್ರ ಹೊಸದಲ್ಲ. 1976ರಲ್ಲಿ ಪೀಟರ್ ಚೆನ್ ಎಂಬುವರು ತೋರಿಸಿಕೊಟ್ಟ ಈ ವಿಧಾನವನ್ನು ನಾವು ನೋಟ್‌ಬುಕ್ಕಿನಲ್ಲಿ ಸ್ಕೇಲು, ಪೆನ್ಸಿಲ್ ಹಿಡಿದು ಬರೆಯುತ್ತೇವೆ. ಅದನ್ನೇ ಕಂಪ್ಯೂಟರ್‌ನಲ್ಲಿ ಬರೆಯಲು ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಇದೆ, ಉಚಿತವಾಗಿ ಸಿಗುತ್ತದೆ. ಆದರೆ ಪೆನ್ಸಿಲ್ಲಿಗೆ ಕರೆಂಟ್ ಬೇಕಿಲ್ಲ.

ಶಹಾಪುರದಲ್ಲಿ ನನ್ನ ಮಾಮೂ ಅವರದು ಬೀಜ, ಗೊಬ್ಬರದ ಅಂಗಡಿ. ಹತ್ತಿ, ತೊಗರಿ ಬೆಳೆಯುವ ರೈತರು ಮುಂಗಾರಿನಲ್ಲಿ ಉದ್ರಿ ಒಯ್ದು, ಮಾಲು ಮಾರಿದ ಮೇಲೆ ಕಟ್ಟುತ್ತಾರೆ. ಆ ಉದ್ರಿಗಾಗಿ ಗ್ರಾಹಕ, ಬಿಲ್ಲು, ಜಮಾ ಎಂದು ಮೂರು ಟೇಬಲ್ ಮಾಡಿಕೊಟ್ಟಿದ್ದೆ. ಬೇಸಿಗೆಯಲ್ಲಿ ಒಂದು ದಿನ ಚಿತ್ರ ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ಫೈಲು ತೆರೆಯಲಿಲ್ಲ. "ಪೂರಾ ಹಿಸಾಬ್ ಗಯಾ ಕ್ಯಾ ಬೇಟಾ?" ಎಂದರು ಮಾಮೂ. ಒಂದು ಹಂಗಾಮಿನ ಬಾಕಿ ಅದು.

ಹೋಗಿರಲಿಲ್ಲ. ವರ್ಕ್‌ಬೆಂಚ್‌ನಲ್ಲಿ ಬರೆಯುವ ಮಾಡೆಲ್ ಮನೆಯ ನಕ್ಷೆ ಇದ್ದ ಹಾಗೆ, ಸರ್ವರ್‌ನಲ್ಲಿರುವ ಡೇಟಾಬೇಸ್ ಮನೆ. ನಕ್ಷೆ ಹರಿದರೆ ಮನೆ ಬೀಳುವುದಿಲ್ಲ. ಸರ್ವರ್ ಕೂಡ ಕರೆಂಟ್ ಹೋದಾಗ ನಿಲ್ಲುತ್ತದಲ್ಲ ಎಂದು ನೀವು ಕೇಳಬಹುದು. ಇಲ್ಲಿ ನಮ್ಮ ಲೆಕ್ಕಶಾಸ್ತ್ರವೇ ಸಹಾಯಕ್ಕೆ ಬರುತ್ತದೆ. ನಾವು ಮೊದಲು ಜರ್ನಲ್‌ನಲ್ಲಿ ಬರೆದು ಆಮೇಲೆ ಲೆಡ್ಜರ್‌ಗೆ ಹಾಕುವುದಿಲ್ಲವೇ? ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಕೂಡ ಪ್ರತಿ ಬದಲಾವಣೆಯನ್ನು ಮೊದಲು ರೀಡೂ ಲಾಗ್‌ನಲ್ಲಿ ಬರೆಯುತ್ತದೆ, ನಂತರ ಟೇಬಲ್ಲಿನ ಫೈಲಿಗೆ ಹಾಕುತ್ತದೆ. ನಡುವೆ ಯಂತ್ರ ನಿಂತರೆ, ಮತ್ತೆ ಶುರುವಾದಾಗ ಆ ಲಾಗ್ ಓದಿ ಉಳಿದದ್ದನ್ನು ತಾನೇ ಸರಿಪಡಿಸುತ್ತದೆ. ಕಮಿಟ್ ಆದ ಬಿಲ್ಲುಗಳೆಲ್ಲ ಅಲ್ಲೇ ಇದ್ದವು. (ಜಮಾ, ಖರ್ಚು, ಬಾಕಿ, ರಸೀದಿ: ಈ ಮಾತುಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಅಂಗಡಿಯ ಕನ್ನಡದಲ್ಲೂ ಇವೆ. ಟೇಬಲ್‌ಗಳಿಗೆ ಹೆಸರಿಡಲು ನನಗೆ ಕಷ್ಟವಾಗಲಿಲ್ಲ.)

ಇನ್ನು ನಕ್ಷೆ. ಎಂಡಬ್ಲ್ಯೂಬಿ ಎಂದು ಕೊನೆಯಾಗುವ ಮಾಡೆಲ್ ಫೈಲು ನಿಜವಾಗಿ ಒಂದು ಜಿಪ್ ಫೈಲು. ಅರ್ಧ ಬರೆದಾಗ ನಿಂತರೆ ಅದು ತೆರೆಯದು. ಗಾಬರಿಯಾಗದೆ ಅದೇ ಫೋಲ್ಡರ್ ನೋಡಿ. ಅದೇ ಹೆಸರಿನ ಮುಂದೆ ಬಿಎಕೆ ಎಂದಿರುವ ಹಿಂದಿನ ಪ್ರತಿ ಇರುತ್ತದೆ. ಅದರ ನಕಲು ಮಾಡಿ, ಬಿಎಕೆ ತೆಗೆದು ತೆರೆಯಿರಿ. ಅದೂ ಸಿಗದಿದ್ದರೆ ಡೇಟಾಬೇಸ್ ಮೆನುವಿನ ರಿವರ್ಸ್ ಇಂಜಿನಿಯರ್ ಸರ್ವರ್‌ನಲ್ಲಿರುವ ಟೇಬಲ್‌ಗಳನ್ನು ನೋಡಿ ಚಿತ್ರವನ್ನು ಹೊಸದಾಗಿ ಬರೆದುಕೊಡುತ್ತದೆ. ಫಾರಿನ್ ಕೀ ಕೊಟ್ಟಿದ್ದರೆ ಟೇಬಲ್‌ಗಳ ನಡುವಿನ ಗೆರೆಗಳೂ ಬರುತ್ತವೆ.

ಕರೆಂಟ್ ಇದ್ದರೂ ಪದೇ ಪದೇ ಮುಚ್ಚಿಕೊಂಡರೆ, ಯಾವಾಗ ಮುಚ್ಚುತ್ತದೆ ಎಂದು ಗಮನಿಸಿ. ಶುರುವೇ ಆಗದಿದ್ದರೆ ವಿಂಡೋಸ್‌ನಲ್ಲಿ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಇದೆಯೇ ನೋಡಿ. ಚಿತ್ರ ತೆರೆದಾಗ ಮಾತ್ರ ಮುಚ್ಚಿದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಬೇಕು. ಹಳೆಯ ಯಂತ್ರಗಳಲ್ಲಿ ಸಾಫ್ಟ್‌ವೇರ್ ರೆಂಡರಿಂಗ್ ಆಯ್ಕೆ ಕೊಟ್ಟು ಶುರು ಮಾಡಿದರೆ ನಿಲ್ಲುತ್ತದೆ (ಅದರ ಕಮಾಂಡನ್ನು ಲ್ಯಾಬಿನ ಗೋಡೆಗೆ ಬರೆದು ಅಂಟಿಸಿದ್ದೇನೆ). 4 ಜಿಬಿ ರ‍್ಯಾಮ್‌ನಲ್ಲಿ ಕ್ರೋಮ್‌ನ ಹತ್ತು ಟ್ಯಾಬ್ ತೆರೆದಿಟ್ಟು ವರ್ಕ್‌ಬೆಂಚನ್ನು ಬೈಯಬೇಡಿ. ಹೆಲ್ಪ್ ಮೆನುವಿನಲ್ಲಿ ಲಾಗ್ ಫೈಲ್ ತೋರಿಸು ಎಂಬುದಿದೆ. ಅದರ ಕೊನೆಯ ಸಾಲುಗಳನ್ನು ಓದಿದವರು ನಮ್ಮ ತರಗತಿಯಲ್ಲಿ ಇಬ್ಬರೋ ಮೂವರೋ.

ಎಲ್ಲರೂ ಮೊದಲು ಮಾಡುವುದು ಅನ್‌ಇನ್‌ಸ್ಟಾಲ್. ವರ್ಕ್‌ಬೆಂಚ್ ಒಂದನ್ನೇ ತೆಗೆದರೆ ತೊಂದರೆಯಿಲ್ಲ. ಜೊತೆಗೆ ಸರ್ವರ್ ತೆಗೆದು ಡೇಟಾ ಫೋಲ್ಡರ್ ಕೂಡ ಅಳಿಸಿದರೆ ಮಾಮೂ ಕೇಳಿದ ಪ್ರಶ್ನೆಗೆ ಉತ್ತರ ಹೌದು ಎಂದಾಗುತ್ತದೆ. ಅದಕ್ಕೂ ಮುಂಚೆ ಡೇಟಾ ಎಕ್ಸ್‌ಪೋರ್ಟ್ ಒತ್ತಿ, ಬರುವ ಎಸ್‌ಕ್ಯೂಎಲ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ಈಗ ಪ್ರತಿ ಗುರುವಾರ ರಾತ್ರಿ ಇದನ್ನು ಮಾಡುತ್ತೇವೆ.